ದುಃಖದ ವರ್ಷದಲ್ಲಿ ಕ್ರಿಸ್ಮಸ್ ಹಬ್ಬ



ಕಳೆದ ವರ್ಷ ಡಿಸೆಂಬರ್ ತಿಂಗಳ ಮೊದಲಿನಲ್ಲಿ ತಿಕೋಟಾದಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಶಾಲೆಗೆ ಬಂದಿದ್ದಳು. ಕುಶಲಪ್ರಶ್ನೆಗಳಾದ ಮೇಲೆ ಅವಳು, "ಅಕ್ಕಾವರೇ, ಅವ್ವ ಮಳೆಗಾಲದಲ್ಲಿ ತೀರಿಕೊಂಡಳು, ಇನ್ನೂ ವರ್ಷ ತುಂಬಿಲ್ಲ. ಈ ಸಲ ಮನೆಯಲ್ಲಿ ಎಣ್ಣೆ ಇಡಬಾರದು, ಹಬ್ಬ ಮಾಡಬಾರದು ಎಂದು ಹಿರಿಯರು ಹೇಳುತ್ತಾರೆ. ಮಕ್ಕಳು ಮಾತ್ರ ನಕ್ಷತ್ರ ಯಾವಾಗ ಕಟ್ಟುವದೆಂದು ದಿನಾಲು ಕೇಳುತ್ತಾರೆ. ನಾನೇನು ಮಾಡಲಿ?" ಎಂದಳು.

ಈ ಪ್ರಶ್ನೆಯು ಅವಳೊಬ್ಬಳದೇ ಅಲ್ಲ. ಒಂದಿಲ್ಲೊಂದು ವರ್ಷ ಅದು ಪ್ರತಿಯೊಂದು ಮನೆಗೂ ಬರತಕ್ಕದ್ದೇ. ಆದಕಾರಣ ನಾವು ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ: ಹಬ್ಬವನ್ನು ಚಿಕ್ಕದು ಮಾಡಿರಿ, ಬಿಡಬೇಡಿರಿ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡಬಾರದೆಂಬ ರೂಢಿಯನ್ನು ನಾವು ಹಗುರಾಗಿ ಕಾಣುವವರಲ್ಲ. ಹೋದವರ ಮೇಲಿನ ಗೌರವವು ಅದರಲ್ಲಿದೆ. ನೆರೆಹೊರೆಯವರು ಆ ಮನೆಗೆ ತಮ್ಮ ಮನೆಯ ತಿಂಡಿಯನ್ನು ಕಳುಹುವ ಪ್ರೀತಿಯೂ ಅದರಲ್ಲಿದೆ. ಆದರೆ ಕ್ರಿಸ್ತಜಯಂತಿಯು ಸುಖಿಗಳಿಗೆ ಮಾತ್ರ ಕೊಡಲ್ಪಟ್ಟ ಹಬ್ಬವಲ್ಲ. ಛತ್ರದಲ್ಲಿ ಸ್ಥಳ ಸಿಕ್ಕದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದ ತಾಯಿಯ ಹಬ್ಬವದು. ಮತ್ತಾಯನ ಸುವಾರ್ತೆಯ ೨ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿದವರಿಗೆ, ಜ್ಞಾನಿಗಳ ಕಾಣಿಕೆಗಳ ವಾರ್ತೆಯ ಹಿಂದೆಯೇ ಮಕ್ಕಳನ್ನು ಕಳಕೊಂಡ ತಾಯಂದಿರ ಗೋಳಾಟವೂ ಕೇಳಬರುವದು. ಅಳುವವರಿಗೆ ಈ ಹಬ್ಬದಲ್ಲಿ ಮೊದಲಿನಿಂದಲೂ ಸ್ಥಳವುಂಟು.

ನಮ್ಮ ಸೀಮೆಯಲ್ಲಿ ಈ ಹಬ್ಬವು ಬೇರೂರಿದ್ದೂ ಕಷ್ಟದ ದಿನಗಳಲ್ಲಿಯೇ. ೧೮೭೬-೭೮ರ ಭೀಕರ ಕ್ಷಾಮವು ಈ ನೆಲವನ್ನು ಬರಿದುಮಾಡಿ ಹೋದ ಕೆಲವೇ ವರ್ಷಗಳಲ್ಲಿ, ೧೮೮೫ರಲ್ಲಿ, ಬಾಸೆಲ್ ಮಿಷನ್ನಿನವರು ವಿಜಯಪುರದಲ್ಲಿ ತಮ್ಮ ಠಾಣೆಯನ್ನು ಸ್ಥಾಪಿಸಿದರು. ದೀಪ ಹಚ್ಚಿದ ಮರವು ಜರ್ಮನಿಯ ಮನೆಗಳ ಪದ್ಧತಿ. ಶಾಂತರಾತ್ರಿಯ ಕೀರ್ತನೆಯು ೧೮೧೮ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಮೊದಲು ಹಾಡಲ್ಪಟ್ಟಿತು. ನಮ್ಮ ಅಜ್ಜಿಯಂದಿರು ಇವುಗಳ ಜೊತೆಗೆ ಕರ್ಚಿಕಾಯಿ, ಚಕ್ಕುಲಿ, ಶೇಂಗಾ ಹೋಳಿಗೆಗಳನ್ನು ಸೇರಿಸಿ ಹಬ್ಬವನ್ನು ತಮ್ಮದಾಗಿ ಮಾಡಿಕೊಂಡರು. ೧೯೧೪ರಲ್ಲಿ ಮಹಾಯುದ್ಧವು ಪ್ರಾರಂಭವಾದ ಮೇಲೆ ಜರ್ಮನ್ ಮಿಷನರಿಗಳು ಈ ದೇಶವನ್ನು ಬಿಡಬೇಕಾಯಿತು. ಕಲಿಸಿದವರು ಹೋದರು, ಕಲಿತ ಮನೆಗಳಲ್ಲಿ ಹಬ್ಬವು ಉಳಿಯಿತು. ೨೦೨೦ರಲ್ಲಿ ಕೊರೋನಾ ರೋಗದ ದೆಸೆಯಿಂದ ಎಂದಿನಂತೆ ಒಟ್ಟುಗೂಡಲು ಅಡ್ಡಿಯುಂಟಾದಾಗಲೂ ನಮಗೆ ಆಧಾರವಾದದ್ದು ಮನೆಯ ದೀಪ ಮತ್ತು ಮನೆಯ ಪ್ರಾರ್ಥನೆಯೇ.

ಬಬಲೇಶ್ವರದ ಒಂದು ಮನೆಯನ್ನು ನಾವು ಬಲ್ಲೆವು. ಅಲ್ಲಿ ಅಟ್ಟದ ಮೇಲೆ ಬಿದಿರ ಕಡ್ಡಿಯ ನಕ್ಷತ್ರವೊಂದುಂಟು. ಪ್ರತಿವರ್ಷವೂ ಅದನ್ನು ಕೆಳಗಿಳಿಸಿ, ಹೊಸ ಬಣ್ಣದ ಕಾಗದವನ್ನು ಅಂಟಿಸಿ, ಬಾಗಿಲ ಮುಂದೆ ಕಟ್ಟುತ್ತಾರೆ. ಮಳೆ ತಪ್ಪಿ ಯಜಮಾನನು ಕೂಲಿಗಾಗಿ ಗೋವೆಗೆ ಹೋದ ವರ್ಷ ಆ ಕಾಗದಕ್ಕೂ ಹಣವಿರಲಿಲ್ಲ. ತಾಯಿಯು ಮಕ್ಕಳ ಹಳೆಯ ನೋಟುಬುಕ್ಕಿನ ಹಾಳೆಗಳನ್ನೇ ಅಂಟಿಸಿದಳು. ದೀಪ ಹೊತ್ತಿದಾಗ ನಕ್ಷತ್ರದ ತುಂಬ ಮಕ್ಕಳು ಬರೆದ ಮಗ್ಗಿಗಳೇ ಕಂಡವಂತೆ. ಆ ಮಕ್ಕಳಲ್ಲಿ ಒಬ್ಬಳು ಈಗ ತಾನೇ ಶಿಕ್ಷಕಿಯಾಗಿದ್ದಾಳೆ. ಸುಭಿಕ್ಷದ ಎಷ್ಟೋ ಹಬ್ಬಗಳನ್ನು ಅವಳು ಮರೆತಿದ್ದಾಳೆ, ಅದೊಂದನ್ನು ಮರೆತಿಲ್ಲ.

ವರ್ಷವರ್ಷವೂ ಅದನ್ನೇ ಮಾಡುವದು ಬರಿಯ ಅಭ್ಯಾಸಬಲವೆಂದು ಕೆಲವರು ಹೇಳುವದುಂಟು. ಇರಬಹುದು. ಆದರೆ ದುಃಖ ಬಂದಾಗ ಮನಸ್ಸಿಗೆ ದಾರಿ ತೋಚುವದಿಲ್ಲ. ಕೈಗಳಿಗೆ ಮಾತ್ರ ಕೆಲಸ ಗೊತ್ತಿರುತ್ತದೆ. ಅಂಗಳ ಗುಡಿಸುವದು, ಹಿಟ್ಟು ನಾದುವದು, ದೀಪ ಹಚ್ಚುವದು, ಇಷ್ಟರಿಂದಲೇ ದಿನವು ಮುಂದೆ ಸಾಗುತ್ತದೆ. ಪ್ರತಿವರ್ಷ ವೇದಪಾಠವನ್ನು ಓದುತ್ತಿದ್ದ ತಂದೆಯು ಇಲ್ಲದಿದ್ದರೆ ಮಗಳು ಓದಲಿ. ಕಂಠ ಬಿಗಿದು ನಿಂತರೆ ತಮ್ಮನು ಮುಂದುವರಿಸಲಿ. ಹೋದವರನ್ನು ಮರೆಯುವದಕ್ಕಲ್ಲ, ಅವರನ್ನು ಕೂಡಿ ನೆನೆಯುವದಕ್ಕೆ ಇದೇ ತಕ್ಕ ವೇಳೆ.

ಬಿಡತಕ್ಕವುಗಳೂ ಇಲ್ಲದಿಲ್ಲ. ಸಾಲ ಮಾಡಿ ಹೊಸ ಬಟ್ಟೆ ತರುವದನ್ನು ಬಿಡಿರಿ. ತಾಯಿಯೊಬ್ಬಳೇ ಒಲೆಯ ಮುಂದೆ ನಡುರಾತ್ರಿಯವರೆಗೆ ಬೇಯುವದನ್ನು ಸಂಪ್ರದಾಯವೆಂದು ಕರೆಯಬೇಡಿರಿ; ಕರ್ಚಿಕಾಯಿಯ ಅಂಚನ್ನು ಗಂಡುಹುಡುಗರೂ ಮಡಚಲಿ. ಹಬ್ಬದ ಹಿಂದಿನ ರಾತ್ರಿಯ ಪ್ರಾರ್ಥನೆ, ಬಡವರ ಪಾಲು, ನೆರೆಯ ಹಿಂದೂ ಮುಸಲ್ಮಾನ ಮನೆಗಳಿಗೆ ಹೋಗುವ ತಿಂಡಿಯ ತಟ್ಟೆ, ಇವು ಮೂರನ್ನು ಮಾತ್ರ ಯಾವ ವರ್ಷವೂ ಬಿಡಬೇಡಿರಿ.

ತಿಕೋಟಾದ ಆ ನಮ್ಮ ಹುಡುಗಿ ಜನವರಿಯಲ್ಲಿ ಪುನಃ ಬಂದಿದ್ದಳು. ಅವಳ ಊರಿನ ಸೀಮೆಯು ಒಣದ್ರಾಕ್ಷಿಗೆ ಹೆಸರಾದದ್ದು. ಅವಳ ತಾಯಿ ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ದುಡಿದು, ಪ್ರತಿವರ್ಷ ಕ್ರಿಸ್ಮಸ್ಸಿಗೆಂದು ಒಂದು ಡಬ್ಬಿಯ ತುಂಬ ಒಣದ್ರಾಕ್ಷಿ ತೆಗೆದಿಡುತ್ತಿದ್ದಳಂತೆ. ಹಬ್ಬದ ಹಿಂದಿನ ದಿನ ಮಾಡವನ್ನು ಒರೆಸುವಾಗ ಆ ಡಬ್ಬಿಯು ತುಂಬಿದ್ದು ಕಂಡಿತು. ಹಿರಿಯರ ಮಾತಿನಂತೆ ಮನೆಯಲ್ಲಿ ಎಣ್ಣೆ ಇಡಲಿಲ್ಲ. ಆ ದ್ರಾಕ್ಷಿ ಹಾಕಿ ಶಾವಿಗೆಯ ಪಾಯಸ ಮಾಡಿದರು. ಬೇಡವೆಂದಿದ್ದ ಹಿರಿಯರೂ ಕುಳಿತು ಉಂಡರು.

"ಅಳು ಬಂತು, ಅಕ್ಕಾವರೇ," ಎಂದಳು. "ಆದರೆ ಒಬ್ಬಳೇ ಅಳಲಿಲ್ಲ."

ಇದಕ್ಕಿಂತ ಹೆಚ್ಚಿನ ಆದರಣೆಯನ್ನು ನಾವು ನಿಮಗೆ ಹೇಳಲಾರೆವು. ಈ ವರ್ಷ ನಿಮ್ಮಲ್ಲಿ ಯಾರ ಮನೆಯಲ್ಲಿ ಒಂದು ಸ್ಥಳವು ಬರಿದಾಗಿದೆಯೋ, ಆ ಮನೆಯಲ್ಲಿಯೂ ನಕ್ಷತ್ರದ ದೀಪವು ಹೊತ್ತಲಿ. ಕರ್ತನ ಸಮಾಧಾನವು ನಿಮ್ಮೆಲ್ಲರೊಂದಿಗಿರಲಿ.

ಮುಖ್ಯೋಪಾಧ್ಯಾಯಿನಿ