ಪಾಲಿಕೆಯ ಬಜೆಟ್ ಓದುವವರು ಬೇಕು

ಪಿಯುಸಿ ಆದ ಮೇಲೆ ಏನು ಎಂದು ಕೇಳಿದರೆ ನಮ್ಮಲ್ಲಿ ಬರುವ ಉತ್ತರಗಳು ಬೆರಳೆಣಿಕೆಯಷ್ಟೇ. ವಿಜ್ಞಾನದವರಿಗೆ ನೀಟ್, ಇಲ್ಲದಿದ್ದರೆ ಸಿಇಟಿ. ವಾಣಿಜ್ಯ ವಿಭಾಗದ ನಮಗೆ ಸಿಎ, ಬ್ಯಾಂಕು, ಇಲ್ಲವೇ ಅಪ್ಪನ ಅಂಗಡಿ. ಗಲ್ಫ್ ಅಂತೂ ಎಲ್ಲರಿಗೂ ಇದ್ದೇ ಇದೆ. ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಬೇಕು ಎಂಬುದು ನನ್ನ ಅಭಿಪ್ರಾಯ: ನಗರಾಡಳಿತದಲ್ಲಿ ಆರೋಗ್ಯ ನೀತಿ ಮತ್ತು ಬಜೆಟ್ ವಿಶ್ಲೇಷಕ. ಹೆಸರು ಉದ್ದ, ಆದರೆ ಕೆಲಸವನ್ನು ಸುಲಭವಾಗಿ ಹೇಳಬಹುದು. ಜನರ ಆರೋಗ್ಯಕ್ಕೆಂದು ಎತ್ತಿಟ್ಟ ಹಣ ಎಷ್ಟು, ನಿಜವಾಗಿ ಖರ್ಚಾದದ್ದು ಎಷ್ಟು, ಅದರಿಂದ ಕಾಯಿಲೆ ಕಡಿಮೆಯಾಯಿತೇ ಎಂದು ನೋಡಿ ಹೇಳುವುದು.

ನ್ಯೂಯಾರ್ಕ್ ನಗರದಲ್ಲಿ ಬಜೆಟ್ ಪರಿಶೀಲನೆಗೆಂದೇ ಮೇಯರ್ ಕೈಕೆಳಗೂ ಕೌನ್ಸಿಲ್ ಕೈಕೆಳಗೂ ಇಲ್ಲದ ಸ್ವತಂತ್ರ ಕಚೇರಿಯಿದೆ. ನಮ್ಮಲ್ಲಿ 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಹನ್ನೆರಡನೇ ಅನುಸೂಚಿಯನ್ನು ಸೇರಿಸಿತು. ಅದರಲ್ಲಿ ನಗರ ಸಂಸ್ಥೆಗಳಿಗೆಂದು 18 ವಿಷಯಗಳಿವೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಅವುಗಳಲ್ಲಿ ಸೇರಿವೆ. ನಾಗರಿಕಶಾಸ್ತ್ರದಲ್ಲಿ ಎರಡು ಅಂಕಕ್ಕೆ ಓದಿ ಮರೆಯುವ ವಿಷಯ ಇದು.

ಡೆಂಗಿಯನ್ನೇ ನೋಡಿ. ಮಳೆಗಾಲ ಬಂತೆಂದರೆ ಬೀದಿಯಲ್ಲಿ ಹೊಗೆ ಯಂತ್ರದ ಸದ್ದು ಕೇಳಿಸುತ್ತದೆ. ಪಾಲಿಕೆ ಕೆಲಸ ಮಾಡುತ್ತಿದೆ ಎಂದು ನಮಗೂ ಸಮಾಧಾನ. ಆದರೆ ಹೊಗೆಯಿಂದ ಸಾಯುವುದು ಹಾರುವ ಸೊಳ್ಳೆ ಮಾತ್ರ. ಮನೆಯ ಡ್ರಮ್ಮು, ಸಿಂಟೆಕ್ಸ್, ಬಿಸಾಡಿದ ಟೈರು, ಹೂಕುಂಡದ ತಟ್ಟೆಯಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅವೂ ಹಾರುತ್ತವೆ. ಮನೆಮನೆಗೆ ಹೋಗಿ ನೀರು ಚೆಲ್ಲಿಸುವವರು ಆಶಾ ಕಾರ್ಯಕರ್ತೆಯರು. ಅವರ ಕೆಲಸಕ್ಕೆ ಸದ್ದಿಲ್ಲ, ಫೋಟೊಗೂ ಚೆನ್ನಾಗಿ ಬರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ನಿಗದಿ ಮಾಡಿತು. ದಂಡ ಸರಿ. ಆದರೆ ಡೀಸೆಲ್, ಔಷಧಿಗೆ ಎಷ್ಟು, ಮನೆ ಭೇಟಿಗೆ ಎಷ್ಟು, ಯಾವ ವಾರ್ಡ್‌ನಲ್ಲಿ ಜ್ವರ ಇಳಿಯಿತು ಎಂದು ಮೂರನ್ನೂ ಒಂದೇ ಹಾಳೆಯಲ್ಲಿಟ್ಟು ನೋಡುವವರು ಬೇಡವೇ? ಇದಕ್ಕೆ ಎಂಬಿಬಿಎಸ್ ಬೇಕಿಲ್ಲ. ಶೇಕಡಾವಾರು, ಸರಾಸರಿ, ಸ್ವಲ್ಪ ಹಟ ಇದ್ದರೆ ಶುರು ಮಾಡಬಹುದು.

ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬ್ತಿನ ಮುಂದೆ ಸಾಮಾನ್ಯವಾಗಿ ಮೂರು ಲೆಕ್ಕ ಇರುತ್ತವೆ: ಹಿಂದಿನ ವರ್ಷದ ವಾಸ್ತವ ವೆಚ್ಚ, ಈ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಪತ್ರಿಕೆಯ ತಲೆಬರಹಕ್ಕೆ ಬರುವುದು ಮೂರನೆಯದು. ನಾವು ನೋಡಬೇಕಾದದ್ದು ಮೊದಲನೆಯದನ್ನು. ಮನೆಯಲ್ಲಿ ಆಸ್ತಿ ತೆರಿಗೆಯ ರಶೀದಿ ಇದ್ದರೆ ಅದನ್ನೂ ತೆಗೆದು ನೋಡಿ. ತೆರಿಗೆಯ ಜೊತೆಗೆ ಸೆಸ್ ಅಂತ ಒಂದು ಸಾಲಿರುತ್ತದೆ, ಅದರಲ್ಲಿ ಆರೋಗ್ಯದ ಪಾಲೂ ಇದೆ. ಕಟ್ಟುತ್ತೇವೆ, ಕೇಳುವುದಿಲ್ಲ.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು. ರಂಜಾನ್ ಬಂತೆಂದರೆ ಮನೆಯ ಚಿನ್ನ, ಅಂಗಡಿಯ ಮಾಲು ಎಲ್ಲವನ್ನೂ ಸೇರಿಸಿ ಶೇ. 2.5ರ ಝಕಾತ್ ಲೆಕ್ಕವನ್ನು ಪೈಸೆ ಬಿಡದೆ ಹಾಕುತ್ತೇವೆ. ಅದನ್ನು ಪಡೆಯಬೇಕಾದ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸಿದೆ, ಝಕಾತ್ ಸಂಗ್ರಹಿಸಿ ಹಂಚುವ ಕೆಲಸದವರೂ ಅವರಲ್ಲಿ ಒಬ್ಬರು. ಅಂದರೆ ಲೆಕ್ಕ ನೋಡುವವರಿಗೂ ಅಲ್ಲೊಂದು ಸ್ಥಾನವಿದೆ! ಜಮಾಅತ್‌ಗಳು ಉಚಿತ ತಪಾಸಣಾ ಶಿಬಿರ, ಆ್ಯಂಬುಲೆನ್ಸ್, ರಕ್ತದಾನ ಎಲ್ಲ ಮಾಡುತ್ತವೆ. ಒಳ್ಳೆಯದೇ. ಆದರೆ ಅದೇ ಬೀದಿಯ ಆರೋಗ್ಯ ಕೇಂದ್ರದಲ್ಲಿ ಔಷಧಿ ಏಕಿಲ್ಲ ಎಂದು ಕೇಳುವುದು ನಮ್ಮ ಹಕ್ಕು. ದಾನದಿಂದ ಆ ಜಾಗ ತುಂಬಿಸುತ್ತಾ ಹೋದರೆ ಕೇಳುವ ಅಭ್ಯಾಸವೇ ತಪ್ಪುತ್ತದೆ.

‘ಸರ್ಕಾರಿ ಕೆಲಸ ನಮಗೆಲ್ಲಿ ಸಿಗುತ್ತೆ’ ಎನ್ನುವ ಗೆಳತಿಯರಿದ್ದಾರೆ. ಸರ್ಕಾರಿ ಹುದ್ದೆಗಳಲ್ಲಿ ಮುಸ್ಲಿಮರ ಪಾಲು ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಅರ್ಜಿಯನ್ನೇ ಹಾಕದೆ ಕೂತರೆ ಅದು ಹೆಚ್ಚುವುದು ಹೇಗೆ? ಬಿಕಾಂ ಅಥವಾ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ಪದವಿ, ಆಮೇಲೆ ಸಾರ್ವಜನಿಕ ಆರೋಗ್ಯ ಅಥವಾ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಒಂದು ದಾರಿ. ಕೆಪಿಎಸ್‌ಸಿ ಬರೆದು ಲೆಕ್ಕಪತ್ರ ಇಲಾಖೆ ಸೇರುವುದು ಇನ್ನೊಂದು.

ಸದ್ಯಕ್ಕೆ ಗ್ರಂಥಪಾಲಕರಲ್ಲಿ ಒಂದು ವಿನಂತಿ. ನಮ್ಮ ಪಾಲಿಕೆಯ ಈ ವರ್ಷದ ಬಜೆಟ್ ಪ್ರತಿಯೊಂದನ್ನು ತರಿಸಿ, ನೀಟ್ ಗೈಡ್‌ಗಳ ಪಕ್ಕದಲ್ಲೇ ಇಡಿ. ಸಿಗಲಿಲ್ಲವೆಂದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ನಾನೇ ಬರೆದುಕೊಡುತ್ತೇನೆ.