ಬೆರಳಿನ ಓದಿಗೆ ಕಣ್ಣಿನವರ ತೀರ್ಪು

ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಮೊಬೈಲಿಗೂ ಬಂದಿರುವುದರಿಂದ ಅಂಧ ಮಕ್ಕಳಿಗೆ ಇನ್ನು ಬ್ರೈಲ್ ಕಲಿಸಬೇಕಾಗಿಲ್ಲ ಎಂಬ ವಾದಕ್ಕೆ ಆಧುನಿಕತೆಯ ಮೆರುಗಿದೆ. ಆದರೆ ಅಂಧರು ಹೇಗೆ ಓದಬೇಕೆಂಬುದನ್ನು ಕಣ್ಣುಳ್ಳವರು ತಮ್ಮ ಅನುಕೂಲಕ್ಕೆ ತಕ್ಕಂತೆ ತೀರ್ಮಾನಿಸುವ ಹಳೆಯ ಚಾಳಿಯೇ ಇದರ ಬೇರು.

1785ರಲ್ಲಿ ಪ್ಯಾರಿಸ್ಸಿನಲ್ಲಿ ಅಂಧ ಮಕ್ಕಳ ಶಾಲೆ ತೆರೆದ ವಾಲಂತೇನ್ ಅಯ್ವಿ, ಮಾಮೂಲಿ ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಓದಿಸಿದನು. ನೋಡುವವರಿಗೆ ಸಲೀಸಾದ ಆ ಬಳುಕುಗಳು ಬೆರಳಿಗೆ ತೊಡಕಾಗಿದ್ದವು, ವಿದ್ಯಾರ್ಥಿಗೆ ಅವುಗಳನ್ನು ಬರೆಯುವ ಸುಲಭ ದಾರಿಯೂ ಇರಲಿಲ್ಲ. ಅದೇ ಶಾಲೆಯಲ್ಲಿ ಕಲಿತ ಲೂಯಿ ಬ್ರೈಲ್, ಚಾರ್ಲ್ಸ್ ಬಾರ್ಬಿಯೆಯ ಹನ್ನೆರಡು ಚುಕ್ಕೆಗಳ ಸಂಕೇತವನ್ನು ಆರಕ್ಕಿಳಿಸಿ 1829ರಲ್ಲಿ ಪ್ರಕಟಿಸಿದ ಲಿಪಿ ಓದು ಬರಹ ಎರಡನ್ನೂ ಅಂಧರ ಕೈಗೇ ಕೊಟ್ಟಿತು. ಆದರೂ 1840ರ ದಶಕದಲ್ಲಿ ಶಾಲೆಯ ನಿರ್ದೇಶಕ ದ್ಯುಫೋ ಅದನ್ನು ನಿಷೇಧಿಸಿದನು. ಕಣ್ಣುಳ್ಳವರು ಓದಲಾಗದ ಲಿಪಿ ಅಂಧರನ್ನು ಸಮಾಜದಿಂದ ಬೇರ್ಪಡಿಸುತ್ತದೆ ಎಂಬುದು ಆ ಕಾಲದ ಆಕ್ಷೇಪ; ಓದಲೇ ಆಗದವನು ಆಗಲೇ ಬೇರ್ಪಟ್ಟಿದ್ದಾನೆಂಬುದು ಆಕ್ಷೇಪಿಸಿದವರಿಗೆ ಹೊಳೆಯಲಿಲ್ಲ. ಫ್ರಾನ್ಸ್ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಬ್ರೈಲ್ ತೀರಿಕೊಂಡು ಎರಡು ವರ್ಷಗಳಾದ ಮೇಲೆ.

ಕನ್ನಡವು ಉಚ್ಚರಿಸಿದಂತೆ ಬರೆಯುವ ಭಾಷೆ, ಆದ್ದರಿಂದ ಕೇಳಿದರೆ ಸಾಕು ಎಂಬ ಸಮಜಾಯಿಷಿಯೂ ಪೊಳ್ಳು. ಭಾರತೀಯ ಭಾಷೆಗಳಿಗೆ ಸಮಾನವಾಗಿ 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ‘ಕ’ ಎಂದರೆ ಆರು ಚುಕ್ಕೆಗಳ ಮನೆಯಲ್ಲಿ 1 ಮತ್ತು 3ನೆಯ ಚುಕ್ಕೆ. ‘ಕಿ’ ಆಗಬೇಕಾದರೆ ಗುಡಿಸು ಅಕ್ಷರದ ನೆತ್ತಿಗೆ ಅಂಟದೆ, ‘ಇ’ಕಾರದ 2 ಮತ್ತು 4ನೆಯ ಚುಕ್ಕೆಗಳಾಗಿ ಪಕ್ಕದ ಮನೆಯಲ್ಲಿ ಕೂರುತ್ತದೆ. ಸ್ಲೇಟಿನ ಮನೆಗಳಲ್ಲಿ ಸ್ಟೈಲಸ್ ಎಂಬ ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುವಿ ಎಡದಿಂದ ಬಲಕ್ಕೆ ಸವರಿ ಓದುವ ಮಗುವಿಗೆ ಕಾಗುಣಿತ ಹೀಗೆ ಮೈಗೂಡುತ್ತದೆ. ವೇಗವಾಗಿ ಉಲಿಯುವ ಯಂತ್ರದ ದನಿಯಲ್ಲಾದರೋ ದನ ಮತ್ತು ಧನಗಳ ವ್ಯತ್ಯಾಸ ಜಾರಿಹೋಗಬಹುದು, ಅಲ್ಪವಿರಾಮ ಕೇಳಿಸದೆಯೇ ಹೋಗಬಹುದು. ಅಕ್ಷರ ಬಿಡಿಸಿ ಕೇಳುವ ಸೌಲಭ್ಯವಿದೆ ನಿಜ, ಪದಪದಕ್ಕೂ ಹಾಗೆ ನಿಂತು ಕೇಳುವ ಓದುಗ ಯಾರಿದ್ದಾನೆ?

ದನಿಯ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ. ಬ್ರೈಲ್‌ಗೆ ಇಳಿಯದ ಪುಸ್ತಕಗಳೇ ಹೆಚ್ಚಿರುವಾಗ ಮತ್ತು ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಬೆರಳಿನ ಓದು ಕಷ್ಟವಾಗಿರುವಾಗ ಸ್ಕ್ರೀನ್ ರೀಡರ್ ದೊಡ್ಡ ಆಸರೆ. ಆದರೆ ದನಿಯೊಂದೇ ಸಾಕೆನ್ನುವವರ ಲೆಕ್ಕದಲ್ಲಿ ಕಿವಿಯೂ ಕೇಳಿಸದ ಅಂಧರಿಗೆ ಜಾಗವೇ ಇಲ್ಲ. ಅಂಥವರಲ್ಲೊಬ್ಬಳಾದ ಹೆಲೆನ್ ಕೆಲ್ಲರ್, 1909ರಲ್ಲಿ ನ್ಯೂಯಾರ್ಕಿನ ಶಾಲೆಗಳಿಗೆ ಯಾವ ಚುಕ್ಕೆಲಿಪಿ ಬೇಕೆಂಬ ಜಗಳ ಎದ್ದಾಗ ಅಮೆರಿಕನ್ ಬ್ರೈಲ್ ಪರ ನಿಂತದ್ದು ಆ ಲಿಪಿಯನ್ನು ಬೆರಳಿನಿಂದ ಬಲ್ಲವಳಾಗಿ. ತಂತ್ರಜ್ಞಾನವಂತೂ ಬ್ರೈಲ್‌ನ ವೈರಿಯಲ್ಲ. ಸಣ್ಣ ಪಿನ್ನುಗಳನ್ನು ಏರಿಳಿಸಿ ಪರದೆಯ ಬರಹವನ್ನು ಬೆರಳಿಗೆ ಮುಟ್ಟಿಸುವ ಬ್ರೈಲ್ ಡಿಸ್‌ಪ್ಲೇ ಬಂದು ದಶಕಗಳೇ ಕಳೆದಿವೆ. ಅದರ ಬೆಲೆ ದುಬಾರಿ ಎನ್ನುವ ಸರ್ಕಾರಗಳು, ಕಣ್ಣುಳ್ಳ ಮಕ್ಕಳಿಗೂ ಪಠ್ಯಪುಸ್ತಕದ ಬದಲು ಧ್ವನಿಮುದ್ರಿಕೆ ಕೊಟ್ಟು ಮುದ್ರಣದ ಖರ್ಚು ಉಳಿಸಲು ಸಿದ್ಧವಿವೆಯೇ ಎಂಬುದಕ್ಕೆ ಮೊದಲು ಉತ್ತರಿಸಲಿ.