ತುಕ್ಕು ಹಿಡಿದ ಮೇವಿನ ಯಂತ್ರ

ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಜಂಗಮದಾಸೋಹ ನಡೆಸಿದ ಶರಣರು. ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲವೆಂಬ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅಂತಹವರ ಕುಡುಗೋಲಿಗೆ ತುಕ್ಕು ಹಿಡಿದೀತೇ?

ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಜೋಳದ ಹೊಲಗಳಿಗೆ ತೊಗರಿ ಬಂದಂತೆಲ್ಲ ಕಣಿಕೆಗೆ ಬೆಲೆ ಹೆಚ್ಚಿತು. ಇಡಿಯಾಗಿ ಹಾಕಿದ ಕಣಿಕೆಯಲ್ಲಿ ದನವು ಎಲೆಯನ್ನು ಆರಿಸಿ ತಿಂದು ದಂಟನ್ನು ತುಳಿಯುತ್ತದೆ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆ ಸೇರುತ್ತದೆ. ಹೀಗಿರುವಾಗ ಕೈಯಿಂದ ತಿರುಗಿಸುವ ಮೇವಿನ ಯಂತ್ರವನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿ ಹೊಸದಕ್ಕೆ ಸಾಲ ಮಾಡುವುದು ಸರಿಯಲ್ಲ. ಹೆಚ್ಚಿನವು ಮುರಿದಿರುವುದಿಲ್ಲ, ಮೊಂಡಾಗಿರುತ್ತವೆ, ಅಷ್ಟೇ.

ಮೊದಲು ಚಕ್ರವು ತಿರುಗದಂತೆ ಮರದ ಗೂಟದಿಂದ ಬಿಗಿಯಬೇಕು. ಚಕ್ರ ತಾನಾಗಿ ಉರುಳಿದರೆ ಬೆರಳು ಉಳಿಯದು. ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು. ತುಕ್ಕಿಗೆ ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟರೆ ಬೋಲ್ಟುಗಳು ಸಡಿಲಾಗುತ್ತವೆ. ಅಲಗುಗಳನ್ನು ಬಿಚ್ಚಿ, ಇಳಿಜಾರಿರುವ ಬದಿಯನ್ನಷ್ಟೇ ಅರದಿಂದ ಉಜ್ಜಬೇಕು. ಚಪ್ಪಟೆ ಬದಿಯನ್ನು ತೇಯ್ದರೆ ಅಲಗು ಕೆಡುತ್ತದೆ. ಮರಳಿ ಕೂಡಿಸುವಾಗ ಅಲಗು ಬಾಯಿಪಟ್ಟಿಗೆ ಬಡಿಯದೆ, ತೀರ ಸಮೀಪದಲ್ಲಿ ಹಾಯಬೇಕು. ಸಂದು ಹೆಚ್ಚಾದರೆ ದಂಟು ತುಂಡಾಗದೆ ಮಡಚಿ ಸಿಕ್ಕಿಕೊಳ್ಳುತ್ತದೆ. ಯಂತ್ರ ಕೆಟ್ಟಿತೆಂಬ ದೂರು ಅನೇಕ ವೇಳೆ ಇಲ್ಲಿಂದಲೇ ಹುಟ್ಟುವುದು. ಹಲ್ಲಿನ ಗಾಲಿಗಳಿಗೆ ಗ್ರೀಸು, ತಿರುಗುವ ಕೀಲುಗಳಿಗೆ ಎಣ್ಣೆ ಬೇಕು.

ಇದಕ್ಕೆ ತಗಲುವುದು ಒಂದು ಮಧ್ಯಾಹ್ನ. ಗೋಶಾಲೆಗೆ ಹೊಸ ಯಂತ್ರವನ್ನು ಕಾಣಿಕೆ ನೀಡುವ ಸದ್ಭಕ್ತರು ಹಳೆಯದಕ್ಕೆ ಒಂದು ಅರವನ್ನೂ ಎಣ್ಣೆಯ ಡಬ್ಬಿಯನ್ನೂ ತಂದಿಟ್ಟರೆ ಅದು ಕಿರಿದಾದ ದಾಸೋಹವೇನಲ್ಲ. ಆದರೆ ಎಣ್ಣೆ ಹಾಕುವವರು ಯಾರೆಂಬುದು ಮೊದಲೇ ಗೊತ್ತಾಗಿರಬೇಕು. ಎಲ್ಲರದೆಂದು ಬಿಟ್ಟ ಯಂತ್ರಕ್ಕೇ ಬೇಗ ತುಕ್ಕು ಹಿಡಿಯುತ್ತದೆ.